ಮೂರು ತಂತಿ

ಭೀಮನಬೀಡಿನ ಸುಧಾಮಣಿಯ ಬೋರ್‌ವೆಲ್ಲಿನಲ್ಲಿ ವಾರದಿಂದ ನೀರು ಬೆರಳು ಗಾತ್ರ ಬರುತ್ತಿತ್ತು. ಗಂಡ ಶಿವಶಂಕರ ಬದನಗುಪ್ಪೆಯ ಕಾರ್ಖಾನೆಗೆ ಹೋದರೆ ಮರಳುವುದು ಸಂಜೆಗೇ. ಅರಿಸಿನದ ಹೊಲ, ಹಸು, ಅಡುಗೆ ಎಲ್ಲ ಇವಳ ತಲೆಯ ಮೇಲೆ. ಗುಂಡ್ಲುಪೇಟೆಯ ಮೋಟಾರು ಮೆಕ್ಯಾನಿಕ್ ಮಾದೇಶನಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಪೈಪು ತೂತಾಗಿದೆಯೇನೋ ಎಂದು ಕಿವಿಯಿಟ್ಟು ಕೇಳಿದಳು, ವಾಲ್ವು ಬಿಚ್ಚಿ ತೊಳೆದಳು. ಏನೂ ಆಗಲಿಲ್ಲ.

ಎಂಟನೆಯ ದಿನ ಮೇವು ಕತ್ತರಿಸುವ ಯಂತ್ರ ಹಾಕಿದರೆ ಅದು ಉಲ್ಟಾ ತಿರುಗಿ ಜೋಳದ ಕಡ್ಡಿಯನ್ನು ಅವಳತ್ತಲೇ ನೂಕಿತು. ಆರಿಸಿ ಅಲ್ಲೇ ಕುಳಿತಳು. ಸುತ್ತಲ ಹೊಲಗಳಿಗೆಲ್ಲ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಸುಟ್ಟು ಬದಲಾದದ್ದೂ ನೀರು ಇಳಿದದ್ದೂ ಒಂದೇ ದಿನ. ಹೊಸದಕ್ಕೆ ತಂತಿ ಕೊಡುವಾಗ ಸರದಿ ತಪ್ಪಿರಬೇಕು. ಹಾಗಾದರೆ ಭೂಮಿಯೊಳಗಿನ ಮೋಟಾರೂ ಉಲ್ಟಾ ತಿರುಗುತ್ತಿರಬೇಕಲ್ಲ?

ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಮೋಟಾರಿನ ಮೂರು ತಂತಿಗಳನ್ನೂ ಸ್ಟಾರ್ಟರಿನಲ್ಲಿ ಒಂದೊಂದು ಮನೆ ಮುಂದಕ್ಕೆ, ಕೊನೆಯದನ್ನು ಮೊದಲಿಗೆ ಸರಿಸಿ ಬಿಗಿದಳು. ನೀರು ಹಾಗೇ ಇತ್ತು. ಉಂಡು ಬಂದು, ಮತ್ತೆ ಆಫ್ ಮಾಡಿ, ಈ ಸಲ ಒಂದನ್ನು ಇದ್ದಲ್ಲೇ ಬಿಟ್ಟು ಎರಡನ್ನು ಮಾತ್ರ ಅದಲುಬದಲು ಮಾಡಿದಳು. ನೀರು ಧೊಪ್ಪನೆ ತೊಟ್ಟಿಗೆ ಬಿತ್ತು.

ಮರುದಿನ ಬಂದ ಮಾದೇಶ ನಕ್ಕುಬಿಟ್ಟ. "ಇದು ನಮ್ಗೆಲ್ಲ ಗೊತ್ತಿರೋದೇ ಕಣಕ್ಕ. ಎರಡು ವೈರು ಬದ್ಲಾಯ್ಸು ಅಂತ ಒಂದ್ ನಿಮ್ಸದಲ್ಲಿ ಯೋಳ್‌ಬುಡ್ತಿದ್ದೆ."

"ವಾರದಿಂದ ಫೋನು ಎತ್ತಿದ್ರೆ ತಾನೇ ನೀನು?"

ಅಂದಳೇನೋ ನಿಜ, ಆದರೆ ಅವಳ ಸಂತೋಷ ಸೊರಗಿತು. ಊರಿಗೆಲ್ಲ ಗೊತ್ತಿದ್ದ ಒಂದು ಮಾತಿಗೆ ತಾನು ಎಂಟು ದಿನ ಮೈ ಸವೆಸಿದಂತಾಯಿತು.

ಸಂಜೆ ಪಕ್ಕದ ಹೊಲದ ಚಿಕ್ಕಮಲ್ಲಮ್ಮ ಬಂದಳು. "ಆ ಮಾದೇಶ ವೈರು ಬದ್ಲಾಯ್ಸು ಅಂದ ಕಣಮ್ಮಿ. ಬದ್ಲಾಯ್ಸುದ್ರೂ ನೀರಿಲ್ಲ. ಬೋರೇ ಓಯ್ತೇನೋ."

"ಎಷ್ಟು ವೈರು ಬದ್ಲಾಯ್ಸುದ್ರಿ ಅಕ್ಕ?"

"ಮೂರ್ನೂವೆ."

ಸುಧಾಮಣಿಗೆ ಅಷ್ಟು ದಣಿವಿನಲ್ಲೂ ನಗು ಬಂತು. ಮೂರೂ ಒಟ್ಟಿಗೆ ಸರಿದರೆ ಸರದಿ ಹಾಗೇ ಉಳಿದು ಯಾವುದೂ ಸರಿದಂತಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಾದೇಶ ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಟೆಸ್ಟರ್ ತೆಗೆದುಕೊಂಡು ಜೊತೆಗೆ ಹೋದಳು.

ಮೇನ್ ಆಫ್ ಮಾಡಿಸಿದಳು, ತಾನೇ ಪರೀಕ್ಷಿಸಿದಳು. ಎರಡು ನಿಮಿಷದ ಕೆಲಸ. ಮಾಡಿ ಮುಗಿಸಿ ಮನೆಗೆ ಹೋಗಿ ಮಲಗೋಣ ಎಂದು ಸೊಂಟ ಗೋಗರೆಯುತ್ತಿತ್ತು. ಆದರೂ ಸ್ಕ್ರೂಡ್ರೈವರನ್ನು ಚಿಕ್ಕಮಲ್ಲಮ್ಮನ ಕೈಗಿಟ್ಟಳು.

"ನೀನೇ ಮಾಡಕ್ಕ. ಒಂದ ಬುಟ್ಬುಟ್ಟು ನೋಡು."

"ಯಾವುದ ಬುಡ್ಲಿ?"

"ನಿಂಗ್ ಯಾವ್ದ್ ಬುಡ್ಬೇಕು ಅನ್ನುಸ್ತದೋ ಅದ."

ಚಿಕ್ಕಮಲ್ಲಮ್ಮ ತಂತಿಗಳನ್ನು ಬಹಳ ಹೊತ್ತು ನೋಡಿದಳು. ಯಾವುದನ್ನು ಬಿಟ್ಟರೂ ನೀರು ಬರುತ್ತದೆಂದು ಗೊತ್ತಿದ್ದ ಸುಧಾಮಣಿ ಬದುವಿನ ಮೇಲೆ ಕಾಲು ಚಾಚಿ ಕುಳಿತು ಕಾದಳು.