ಹೊಸ್ತಿಲಿಗೆ ಬಂದ ಲಕ್ಷ್ಮಿ

ಚಿನ್ನದ ಅಂಗಡಿಯವರು ಮಹಾ ಜಾಣರು. ಪಾಂಪ್ಲೆಟಿನ ತುಂಬ ಲಕ್ಷ್ಮಿಯ ಚಿತ್ರ ಹಾಕಿಸಿದರೆ ಯಾವ ಮನೆಯವರೂ ಅದನ್ನು ಕಸಕ್ಕೆ ಎಸೆಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಿಮಾಯತ್‌ನಗರದ ಆ ಅಪಾರ್ಟ್‌ಮೆಂಟಿನಲ್ಲಿ ಬೆಳಗಾದರೆ ಸಾಕು, ಬಾಗಿಲು ಬಾಗಿಲಿಗೂ ಲಕ್ಷ್ಮಿ ಬರುತ್ತಿದ್ದಳು, ಮಜೂರಿಯಲ್ಲಿ ರಿಯಾಯಿತಿ ಸಮೇತ. ಶಿವದೇವಿ ಎಸೆಯಲು ಕೈಬಾರದೆ, ಬೈದುಕೊಳ್ಳುತ್ತಲೇ ಅವನ್ನು ಚೀಲಕ್ಕೆ ತುಂಬಿಡುತ್ತಿದ್ದಳು.

ಹೋದ ತಿಂಗಳು ಅವಳ ಅತ್ತೆ ಗದಿಗೆಮ್ಮ ಹಾಲಿನ ಪಾಕೀಟು ತಗೊಳ್ಳಲು ಹೊಸ್ತಿಲಾಚೆ ಕಾಲಿಟ್ಟಳು. ಕಾಲಡಿಯಲ್ಲಿ ಲಕ್ಷ್ಮಿಯ ಮುಖ. ತುಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಮುದುಕಿ "ಶಿವಶಿವಾ" ಎಂದು ಕಾಲು ಹಿಂದಕ್ಕೆಳೆದುಕೊಂಡಳು, ಆಯ ತಪ್ಪಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಮುಗಿದು ನಾಳೆ ಮನೆಗೆ ಬರುವವಳಿದ್ದಳು. ಇನ್ನೊಮ್ಮೆ ಬಿದ್ದರೆ ಮತ್ತೆ ಏಳುವುದು ಕಷ್ಟ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಅತ್ತೆ ಆಸ್ಪತ್ರೆಯಲ್ಲಿದ್ದಾಗಲೇ ಶಿವದೇವಿ ಗೇಟಿಗೆ ಬೋರ್ಡು ಹಾಕಿಸಿದ್ದಳು. ಪಾಂಪ್ಲೆಟ್ ಬೇಡವೆಂದು ಮನೆಮನೆಯ ಸಹಿ ಮಾಡಿಸಿ ಅಂಗಡಿಗೆ ಕೊಟ್ಟು ಬಂದಿದ್ದಳು. ಮರುದಿನ ಬಾಗಿಲಿಗೆ ಎರಡೆರಡು ಬಂದಿದ್ದವು.

"ದೊಡ್ಡ ಅಂಗಡಿ ಮಂದಿ ಜೋಡಿ ನಮಗ್ಯಾಕ ಜಗಳ? ನೋಡಿ ಕಾಲಿಟ್ಟರಾತು," ಎಂದ ಗಂಡ ಅಮರೇಶಪ್ಪ.

"ಹಂಗಂತ ನಿಮ್ಮವ್ವಗ ಹೇಳ್ರಿ," ಎಂದು ಅವನ ಬಾಯಿ ಮುಚ್ಚಿಸಿ, ಚೀಲ ಹೆಗಲಿಗೇರಿಸಿ, ಎದುರುಮನೆಯ ಉಮಾಶ್ರೀಯನ್ನೂ ಅವಳ ಮನೆಯ ಪಾಂಪ್ಲೆಟ್ ಚೀಲವನ್ನೂ ಹೊರಡಿಸಿಕೊಂಡು ನಡೆದಳು.

ಅಂಗಡಿ ಆಗಷ್ಟೇ ತೆರೆದಿತ್ತು. ಮ್ಯಾನೇಜರ್ ಭೀಮಾಶಂಕರ ಲಿಂಗಸೂಗೂರಿನವನು, ಆ ತೆಲುಗು ಊರಿನಲ್ಲೂ ಕನ್ನಡದವನೇ. "ಅಕ್ಕಾರ, ಮನಿಗಿ ಬಂದ ಲಕ್ಷ್ಮೀನ ಯಾರರ ಬ್ಯಾಡ ಅಂತಾರೇನ್ರಿ?" ಎಂದು ನಕ್ಕ.

ಶಿವದೇವಿಗೆ ಮೈಯೆಲ್ಲ ಉರಿದುಹೋಯಿತು. ಹೊರಬಂದು ಚೀಲ ಬಿಚ್ಚಿದಳು. ಗಾಜಿನ ಬಾಗಿಲ ಮುಂದಿನ ಮೆಟ್ಟಿಲ ತುಂಬ, ಲಕ್ಷ್ಮಿಯ ಮುಖ ಮೇಲೆ ಮಾಡಿ, ಸಂದಿಲ್ಲದಂತೆ ಹಾಸಿದಳು. ಉಮಾಶ್ರೀ ಸಾಲು ಸರಿಮಾಡಿದಳು.

ಮದುವೆಗೆ ತಾಳಿ ಕೊಳ್ಳಲು ಬಂದ ಕುಟುಂಬವೊಂದು ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು ನಿಂತಿತು. ಅವರಲ್ಲಿ ಹಿರಿಯಳು ಕೈಮುಗಿದು ಹಿಂದೆ ಸರಿದಳು, ಉಳಿದವರೂ ಸರಿದರು. ಬಂದೂಕು ಹಿಡಿದ ಗಾರ್ಡ್ ಕೂಡ ಕಾಲು ಇಡಲಿಲ್ಲ.

"ಬರ್ರಿ ಸಾಹೇಬ್ರ, ತುಳಕೊಂಡು ಬರ್ರಿ," ಎಂದು ಶಿವದೇವಿ ಕೂಗಿದಳು. "ನಿಮ್ಮವ ಕಾಗದ ಅದಾವು."

ಭೀಮಾಶಂಕರ ಬಾಗಿಲು ತೆರೆದು ಬೂಟುಗಾಲು ಎತ್ತಿದ, ಮತ್ತೆ ಒಳಗೇ ಇಳಿಸಿದ. ಕೊನೆಗೆ ಬೂಟು ಬಿಚ್ಚಿಟ್ಟು, ಮೊಣಕಾಲೂರಿ, ಒಂದೊಂದನ್ನೇ ಎತ್ತಿ ಕಣ್ಣಿಗೊತ್ತಿಕೊಳ್ಳತೊಡಗಿದ.

"ನಾಳಿಂದ ನಿಮ್ಮ ಮನಿಗಿ ಬರೂದಿಲ್ಲರಿ."

"ನಮ್ಮನಿ ಒಂದಕ್ಕಲ್ಲ, ಇಡೀ ಗಲ್ಲಿಗೆ ಬರಬಾರದು."

"ಅದು ನನ್ನ ಕೈಯಾಗಿಲ್ಲರಿ. ಮಾಲಕರು..."

"ಹಂಗಾರ ಅವರಿಗೇ ಫೋನ್ ಹಚ್ರಿ. ಅವರೂ ಇದ ಬಾಗಲಾಗ ಬರಬೇಕಲ್ಲ?" ಎಂದು ಶಿವದೇವಿ, ಅವನು ತೆರವು ಮಾಡಿದ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಉಮಾಶ್ರೀಯ ಚೀಲದ ಗಂಟು ಬಿಚ್ಚಿದಳು.