ಬಸ್ಸಿನ ತುಕ್ಕು ಇಳಿಸಿದ ನೆಲ್ಲಿಪುಡಿ

ನಾನು ಒಂದು ಲೋಟ ನೆಲ್ಲಿಕಾಯಿ ರಸ ಕುಡಿದು ಉಸಿರು ಬಿಟ್ಟರೆ ಸಾಕು, ಯಶವಂತನಗರದ ನಮ್ಮ ಕಂಪನಿ ಬಸ್ಸಿನ ತುಕ್ಕೆಲ್ಲ ಉದುರಿಬಿಡುತ್ತದೆ. ಕಳೆದ ಬೇಸಿಗೆಯಲ್ಲಿ ಹೀಗೇ ಉಸಿರು ಬಿಟ್ಟಾಗ ಬಸ್ಸಿಗೆ ಎಷ್ಟು ಪ್ರಾಯ ಬಂತೆಂದರೆ, ಡ್ರೈವರಾದ ನನ್ನನ್ನೇ ಕೆಳಗೆ ಬಿಟ್ಟು ಸಂಡೂರಿನ ಘಾಟ್ ಹತ್ತಿಹೋಯಿತು. ಗಣಿ ಕೆಲಸಗಾರರನ್ನು ಇಳಿಸಿ ತಾನೇ ವಾಪಸ್ಸೂ ಬಂತು.

ನಾವಿರುವ ಚಿತ್ತವಾಡ್ಗಿಯಲ್ಲಿ ಇದನ್ನು ನಂಬದವರಲ್ಲಿ ಮೊದಲನೆಯವಳು ನನ್ನ ಹೆಂಡತಿ ವಿರುಪಮ್ಮ. ಅರ್ಧ ನಂಬಿದವಳು ನನ್ನ ಅಕ್ಕನ ಮಗಳು ಸುಷ್ಮಿತಾ. ಹೊಸಪೇಟೆಯಲ್ಲಿ ಎಂ.ಫಾರ್ಮಾ ಓದುತ್ತ ನಮ್ಮ ಮನೆಯಲ್ಲೇ ಇದ್ದಾಳೆ. ಕಬ್ಬಿಣಕ್ಕೆ ಹಿಡಿದ ಹಾಗೆ ನಮ್ಮ ಮೈಯೊಳಗೂ ಒಂದು ಬಗೆಯ ತುಕ್ಕು ಹಿಡಿಯುತ್ತದಂತೆ. ಅದನ್ನು ತಡೆಯಲು ವಿಟಮಿನ್ ಸಿ ಒಂದೇ ಸಾಕೋ, ನೆಲ್ಲಿಸಾರ ಒಂದೇ ಸಾಕೋ, ಎರಡೂ ಕೂಡಿದರೆ ಬಲ ಹೆಚ್ಚೋ ಎಂಬುದೇ ಅವಳ ಪ್ರಾಜೆಕ್ಟು. ಗಾಜಿನ ನಳಿಕೆಯಲ್ಲಿ ನೇರಳೆ ಬಣ್ಣದ ದ್ರಾವಣ ಇರುತ್ತದೆ. ಹಾಕಿದ ಔಷಧಿಗೆ ಬಲ ಇದ್ದಷ್ಟೂ ನೇರಳೆ ಹೋಗಿ ಹಳದಿಯಾಗುತ್ತದೆ. ಅವಳ ಹಿಂದಿನ ವಿಷಯವನ್ನು ಗೈಡ್ ನಾಗಭೂಷಣ ಸರ್ ತಳ್ಳಿಹಾಕಿದ್ದರು. ಇದೂ ಕೆಟ್ಟರೆ ಅವಳ ಒಂದು ವರ್ಷ ಹೋದಂತೆ.

ಸಂಡೂರು ಗುಡ್ಡದ ನೆಲ್ಲಿಕಾಯಿ ತಂದು ಪುಡಿ ಮಾಡಿಕೊಡುವ ಹೊಣೆ ನನ್ನದು. ಕಾಲೇಜಿಗೇ ಹೋಗಿ ಸರ್ ಎದುರು ಎದೆಯುಬ್ಬಿಸಿ ನಿಂತೆ. ಕರಡಿಯ ಜೊತೆ ಕುಸ್ತಿ ಹಿಡಿದು ಕಾಯಿ ಕಿತ್ತಿದ್ದೇನೆ, ನಾನು ಮಾಡಿಕೊಡುವ ಪುಡಿ ಕಂಡರೆ ನಿಮ್ಮ ನೇರಳೆ ನೀರು ಹೆದರಿಯೇ ಹಳದಿಯಾಗುತ್ತದೆ ಎಂದೆ. ಸರ್ ನಕ್ಕರು. ಆ ನಗು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಪರೀಕ್ಷೆಯ ದಿನ ಬರೀ ನೆಲ್ಲಿ ಹಾಕಿದ ನಳಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿಯಾಯಿತಂತೆ. ಸುದ್ದಿ ಕೇಳಿ ನಾನು ಓಣಿಗೆಲ್ಲ ಬೂಂದಿ ಹಂಚಲು ಹೊರಟಿದ್ದೆ. ಸುಷ್ಮಿತಾ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ನೆಲ್ಲಿ ಒಂದೇ ಇಷ್ಟು ಮಾಡಿದರೆ, ಎರಡನ್ನೂ ಕೂಡಿಸಿ ತೋರಿಸುವುದೇನು ಉಳಿಯಿತು ಎಂದು ಸರ್ ಕೇಳಿದ್ದರಂತೆ. ಅವಳು ಪುಡಿಯ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಳು.

"ಮಾಮಾ, ನೆಲ್ಲಿಪುಡಿಗೆ ಕಿತ್ತಳೆ ವಾಸನಿ ಹ್ಯಾಂಗ ಬಂತು?"

"ಗುಡ್ಡದ ಗಾಳಿವಾ ಅದು. ಅತ್ಲಾಗ ಕಿತ್ತಳೆ ತ್ವಾಟ ಅದಾವಲ್ಲ."

"ತ್ವಾಟ ಇಲ್ಲೇ ಐತಿ ನೋಡು," ಎನ್ನುತ್ತ ವಿರುಪಮ್ಮ ಮಿಕ್ಸಿಯ ಜಾರು ತಂದಿಟ್ಟಳು. ಮುಚ್ಚಳದ ಸಂದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಮೆತ್ತಿತ್ತು. "ಹುಡುಗಿ ವರ್ಷ ಹೊಕ್ಕೈತಿ. ಖರೇ ಹೇಳ್ರಿ."

ಹೇಳದೆ ದಾರಿ ಇರಲಿಲ್ಲ. ಕಂಪನಿಯವರು ಡ್ರೈವರುಗಳಿಗೆ ಕೊಡುವ, ಚಪ್ಪರಿಸುವ ಕಿತ್ತಳೆ ರುಚಿಯ ವಿಟಮಿನ್ ಸಿ ಮಾತ್ರೆಗಳನ್ನು ಅರೆದು ನೆಲ್ಲಿಪುಡಿಗೆ ಬೆರೆಸಿದ್ದೆ. ನಕ್ಕ ಸರ್ ಬಾಯಿ ಮುಚ್ಚಿಸಬೇಕಿತ್ತಲ್ಲ.

ಸುಷ್ಮಿತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಕೆ ಇಲ್ಲದ ಪುಡಿ ಉಳಿದಿದೆಯೇ ಎಂದಷ್ಟೇ ಕೇಳಿದಳು. ಮಾತ್ರೆ ಸಾಲದ್ದಕ್ಕೆ ಅರ್ಧ ಡಬ್ಬಿ ಹಾಗೇ ಉಳಿದಿತ್ತು. "ನಾಳೆ ಸರ್ ಮುಂದ ನೀನ ಹೇಳಬೇಕು," ಎಂದಳು.

ಮರುದಿನ ಅದೇ ಸರ್ ಎದುರು ನಿಂತೆ, ಈ ಸಲ ಎದೆ ತಾನಾಗಿಯೇ ಒಳಗೆ ಹೋಗಿತ್ತು. ಮಾತ್ರೆಯ ಕಥೆ ಹೇಳಿದೆ. ಅವರು ನಗಲಿಲ್ಲ. ಶುದ್ಧ ಪುಡಿಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಲು ಸುಷ್ಮಿತಾಗೆ ಒಪ್ಪಿಗೆ ಕೊಟ್ಟು, ಕಾಯಿ ಎಲ್ಲಿಯದೆಂದು ಸರಿಯಾಗಿ ಬರೆಯಬೇಕು ಎಂದು ನನ್ನ ಕಡೆ ತಿರುಗಿದರು.

"ಹೊಸಪೇಟಿ ಮಾರ್ಕೆಟ್ ಅಂತ ಬರ್ಕೊಳ್ರಿ ಸರ್. ತರಕಾರಿ ಭಾಗ್ಯನ ಹತ್ರ ತಗೊಂಡಿದ್ದು. ಒಣಗಿಸಿದಾಕಿ ನನ್ನ ಹೆಂಡ್ತಿ."

"ಮತ್ತೆ ಆ ಕರಡಿ?"

"ಕರಡಿ ನಾನು ಇನ್ನೂ ನೋಡಿಲ್ರಿ."

ಬಸ್ಸಿನ ವಿಷಯವನ್ನು ಸುಷ್ಮಿತಾ ಮೊದಲೇ ಹೇಳಿದ್ದಳೆಂದು ಕಾಣುತ್ತದೆ. ಸರ್ ಕಿಟಕಿಯಿಂದಾಚೆ ನೋಡಿದರು. ನಾನೂ ನೋಡಿದೆ. ಗೇಟಿನ ಹೊರಗೆ ನಾನು ಓಡಿಸಿಕೊಂಡು ಬಂದ ಬಸ್ಸು ನಿಂತಿತ್ತು.

"ತುಕ್ಕು ಹಂಗ ಐತ್ರಿ ಸರ್," ಎಂದೆ. "ಜಾಸ್ತಿನೂ ಆಗೈತಿ."