ಅಲುಗದ ಕಲ್ಲು

ಮತ್ತೆ ಮುಳ್ಳು ಹಾರಿತು.

ಕೋದಂಡಪ್ಪ ಕಾಫಿ ಲೋಟವನ್ನು ನೆಲಕ್ಕಿಟ್ಟು, ಉಸಿರು ಬಿಗಿಹಿಡಿದು, ರೆಕಾರ್ಡ್ ಪ್ಲೇಯರಿನ ತೋಳನ್ನು ಬೆರಳ ತುದಿಯಿಂದ ಎತ್ತಿದ. ವೀಣೆ ನಿಂತಿತು. ಕಪ್ಪು ತಟ್ಟೆ ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ನೆಲ ನಡುಗಿರಲಿಲ್ಲ. ಊರಿಗಾಂನ ನೆಲ ನಡುಗಿದರೆ ಮೊದಲು ತಿಳಿಯುತ್ತಿದ್ದುದು ಅವನ ಅಂಗಾಲಿಗೆ. ಅಂದರೆ ತಪ್ಪು ನೆಲದ್ದಲ್ಲ, ಮುಳ್ಳಿನದು. ಸವೆದಿದೆ.

"ನಾನೇನೂ ಓಡಾಡ್ಲಿಲ್ಲ," ಅಡಿಗೆಮನೆಯಿಂದ ಹೆಂಡತಿ ಮುನಿರತ್ನ ಅಂದಳು.

"ನಿನ್ನನ್ನ ಯಾರು ಕೇಳಿದ್ರು?"

"ಕೇಳ್ಲಿಲ್ಲ. ಈ ಕಡೆ ನೋಡಿದ್ರಿ."

ಹೊಸ ಮುಳ್ಳಿಗೆ ನಾಳೆಯೇ ಬಂಗಾರಪೇಟೆಗೆ ಹೋಗಬೇಕು. ರಜಾಚೀಟಿ ಬರೆಯಲು ಕೂತ. ಜ್ವರ ಎಂದು ಬರೆದ. ಬರೆದ ಮೇಲೆ ಹಣೆ ಮುಟ್ಟಿ ನೋಡಿಕೊಂಡ. ತಣ್ಣಗಿತ್ತು.

ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿ ಅವನು ನಕ್ಷೆ ಬರೆಯುವವನು. ಎಂಬತ್ತನಾಲ್ಕರ ಆ ಬೇಸಿಗೆಗೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಅಷ್ಟರಲ್ಲಿ ಗಣಿಯೊಳಕ್ಕೆ ಇಳಿದದ್ದು ಒಂದೇ ಸಲ. ಕೆಳಗೆ ಯಾರೋ ಕೊರೆದ ಸುರಂಗಗಳನ್ನು ಮೇಲೆ ಕಪ್ಪು ಶಾಯಿಯಲ್ಲಿ ತಿಂಗಳಿಗೊಮ್ಮೆ ಒಂದಿಷ್ಟು ಉದ್ದ ಮಾಡುತ್ತಿದ್ದ. ಗೆರೆ ನೇರವಾಗಿ ಬಂದರೆ ಸಂತೋಷವಾಗುತ್ತಿತ್ತು. ಆ ಗೆರೆಯೊಳಗೆ ಸೆಕೆ ಇದೆ, ಬೆವರು ಇದೆ, ಕುಕ್ಕರಗಾಲಿನಲ್ಲಿ ಕೂತು ಬುತ್ತಿ ಬಿಚ್ಚುವವರಿದ್ದಾರೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೆ.

ಸಂಗೀತದ ಸೆಟ್ಟನ್ನು ಆರಿಸಲು ಎರಡು ವರ್ಷ ಹಿಡಿದಿತ್ತು. ಆಂಪ್ಲಿಫೈಯರ್, ಪ್ಲೇಯರ್, ಎರಡು ಸ್ಪೀಕರ್. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಪತ್ರಿಕೆಗಳನ್ನು ಓದಿದ್ದ. ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಒಂದೇ ತಂತಿಯ ಮೀಟು ಒಂದು ಸ್ಪೀಕರಿನಲ್ಲಿ ಒದ್ದೆಯಾಗಿ, ಇನ್ನೊಂದರಲ್ಲಿ ಒಣಗಿದಂತೆ ಕೇಳುವುದನ್ನು ಕಂಡುಕೊಂಡು ಒದ್ದೆಯದನ್ನು ಆರಿಸಿದ್ದ. ಮುನಿರತ್ನಳನ್ನು ನೋಡಲು ಹೋದಾಗ ಹತ್ತು ನಿಮಿಷದಲ್ಲಿ ಒಪ್ಪಿ ಎದ್ದು ಬಂದಿದ್ದ.

ಸೆಟ್ಟನ್ನು ಕಾಪಾಡುವುದು ಆರಿಸಿದಷ್ಟು ಸುಲಭವಾಗಿರಲಿಲ್ಲ. ಗಾಳಿ ಎದ್ದರೆ ಸೈನೈಡ್ ದಿಬ್ಬದ ಪುಡಿ, ಚಿನ್ನ ಹಿಂಡಿ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು, ಸಂದಿಗೊಂದಿಯಲ್ಲಿ ನುಗ್ಗುತ್ತಿತ್ತು. ಕಿಟಕಿಗೆ ಮೊಳೆ ಹೊಡೆಸಿಬಿಟ್ಟ. ಕರೆಂಟಿನ ಏರಿಳಿತಕ್ಕೆ ಸ್ಟೆಬಿಲೈಸರ್ ತಂದ. ಅದರ ಗುಂಯ್ ಸದ್ದು ಸಹಿಸಲಾಗದೆ ಅಡಿಗೆಮನೆಗೆ ಸಾಗಿಸಿದ. ಮುನಿರತ್ನ ಮಖಮಲ್ಲಿನ ಗೌಸು ಹೊಲಿದುಕೊಟ್ಟಳು. ಆದರೆ ಅವಳು ಮೆಣಸಿನಕಾಯಿ ಕುಟ್ಟಿದರೆ ಮುಳ್ಳು ಹಾರುತ್ತಿತ್ತು. ಒರಳು ಪಕ್ಕದ ಮನೆಗೆ ಹೋಯಿತು. ಕ್ರಮೇಣ ಅವಳೂ ಒರಳಿನ ಹಿಂದೆ ಹೋದಳು. ಹಗಲಲ್ಲಿ ಹೆಚ್ಚು ಹೊತ್ತು ಅಲ್ಲೇ ಇರುತ್ತಿದ್ದಳು. ಅಲ್ಲಿಂದ ಅವಳ ನಗು ಕೇಳಿಸುತ್ತಿತ್ತು. ಅವಳು ಹಾಗೆ ನಗುತ್ತಾಳೆಂದು ಅವನಿಗೆ ಅದುವರೆಗೆ ತಿಳಿದಿರಲಿಲ್ಲ.

ಉಳಿದದ್ದು ನೆಲ. ಮೈಲಿಗಟ್ಟಲೆ ಕೆಳಗೆ ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು. ಊರು ಅದನ್ನು 'ಬರಸ್ಟು' ಎನ್ನುತ್ತಿತ್ತು. ಪಾತ್ರೆ ಅಲುಗಿದರೆ ಸಣ್ಣದು, ಹೆಂಚು ಜಾರಿದರೆ ದೊಡ್ಡದು. ಅದಕ್ಕೆ ಉಪಾಯ ಹುಡುಕಿದವನು ಪಕ್ಕದ ಮನೆಯ ಕುಪ್ಪುಸ್ವಾಮಿ. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವುದು ಅವನ ಕೆಲಸ.

"ಕೆಳಗೆ ಬೆಟ್ಟಾನೇ ನಿಲ್ಲಿಸ್ತೀವಿ ಸಾರ್, ನಿಮ್ಮ ಡಬ್ಬ ನಿಲ್ಸಕ್ಕಾಗಲ್ವಾ?" ಅಂದಿದ್ದ.

ನಾಲ್ಕು ಗಿಡ್ಡ ದಿಮ್ಮಿ, ಅದರ ಮೇಲೆ ಮರಳು ತುಂಬಿದ ಪೆಟ್ಟಿಗೆ, ಮರಳಿನ ಮೇಲೆ ಹಳೆಯ ಟೈರಿನ ತುಂಡು, ಎಲ್ಲದರ ಮೇಲೆ ಒಂದು ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಪ್ಲೇಯರ್. ಕುಪ್ಪುಸ್ವಾಮಿ ಎರಡು ಭಾನುವಾರ ಬೆವರು ಸುರಿಸಿದ. ಹಾಡು ಹಾಕಿ ತೋರಿಸಿದಾಗ ಬಾಗಿಲಾಚೆಯೇ ನಿಂತು ಕೇಳಿದ. ಕಾಲಿಗೆ ಧೂಳಿದೆ ಎಂದ. ಒಳಗೆ ಬಾ ಎಂದು ಕೋದಂಡಪ್ಪನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ರಜಾಚೀಟಿ ಹಿಡಿದು ಹೊರಟಾಗ ಕುಪ್ಪುಸ್ವಾಮಿ ಮೊದಲ ಪಾಳಿಗೆ ಹೊರಟಿದ್ದ. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಬುತ್ತಿ.

"ಸಾರ್, ನಮ್ಮ ಅರ್ಜಿ ಏನಾಯ್ತು?"

ಒಂದೂವರೆ ತಿಂಗಳ ಹಿಂದೆ ಕೊಟ್ಟ ಅರ್ಜಿ. ಎದೆ ಕಟ್ಟುತ್ತದೆ, ಮೇಲಿನ ಮರದ ಡಿಪೋಗೆ ಹಾಕಿಕೊಡಿ ಎಂದು. ದೊಡ್ಡ ಸಾಹೇಬರ ಟೇಬಲ್ಲಿಗೆ ಅದನ್ನು ತಲುಪಿಸುತ್ತೇನೆಂದು ಕೋದಂಡಪ್ಪ ಒಪ್ಪಿಕೊಂಡಿದ್ದ. ಮಡಿಕೆ ಬೀಳದಿರಲೆಂದು ಒಂದು ರೆಕಾರ್ಡಿನ ಕವರಿನಲ್ಲಿ ಇಟ್ಟಿದ್ದ. ಅಲ್ಲೇ ಇತ್ತು.

"ಕೊಟ್ಟಿದೀನಿ. ಸಾಹೇಬ್ರು ರಜದಲ್ಲಿದಾರೆ."

"ಪರವಾಯಿಲ್ಲ ಸಾರ್. ನೀವು ಇದೀರಿ ಅನ್ನೋದೇ ದೈರ್ಯ." ಕುಪ್ಪುಸ್ವಾಮಿ ಎರಡು ಹೆಜ್ಜೆ ನಡೆದು ತಿರುಗಿದ. "ಕಲ್ಲು ಅಲುಗ್ತದಾ?"

"ಇಲ್ಲ."

"ಅಲುಗಲ್ಲ ಸಾರ್."

ಸುಳ್ಳು ಹೇಳಿದ್ದಕ್ಕೆ ಏನಾದರೂ ಅನ್ನಿಸಬಹುದೆಂದು ಕೋದಂಡಪ್ಪ ಕಾದ. ಸ್ಟೇಷನ್ನು ಬಂತು.

ಬಂಗಾರಪೇಟೆಯ ರೇಡಿಯೋ ಅಂಗಡಿಯ ಶ್ರೀನಿವಾಸಪ್ಪ ಮುಳ್ಳಿನ ಎರಡು ಪುಟ್ಟ ಡಬ್ಬಿಗಳನ್ನು ಗಾಜಿನ ಮೇಲೆ ಇಟ್ಟ.

"ಕೂಚೋಂಡಿ, ಕೂತ್ಕೊಳ್ಳಿ ಸಾರ್. ಮದ್ರಾಸಿಂದ ತರಿಸಿದ್ದು. ಇದು ಗುಂಡು ಮೊನೆ, ಒಡ್ಡರ ಹಾರೆ ಇದ್ದಂಗೆ, ಎಂಥಾ ರೆಕಾರ್ಡಿಗೂ ಆಗ್ತದೆ. ಇದು ಚಪ್ಪಟೆ ಮೊನೆ. ಗೀರಿನ ತಳಾ ಮುಟ್ತದೆ. ಆದ್ರೆ ನಾಜೂಕು."

"ತಳ ಮುಟ್ಟಿದ್ರೆ ಏನಾಗುತ್ತೆ?"

"ಇರೋದೆಲ್ಲಾ ಕೇಳ್ತದೆ. ವಿದ್ವಾಂಸರು ಉಸಿರು ತಗೊಳ್ಳೋದೂ ಕೇಳ್ತದೆ." ಶ್ರೀನಿವಾಸಪ್ಪ ಕನ್ನಡಕದ ಮೇಲಿಂದ ನೋಡಿದ. "ಮನೇಲಿ ಯಾರ್ಯಾರು ಕೇಳ್ತೀರಿ ಸಾರ್?"

"ನಾನು."

"ಮನೆಯೋರು?"

"ಕೊಡಿ, ಚಪ್ಪಟೆ ಮೊನೇದೇ ಕೊಡಿ."

ಹನ್ನೆರಡರ ಗಾಡಿಗೆ ಪ್ಲಾಟ್‌ಫಾರಂನಲ್ಲಿ ನಿಂತಿದ್ದಾಗ ಅಣ್ಣ ಮುನಿಸ್ವಾಮಪ್ಪ ಕಾಣಿಸಿದ. ಖಾಲಿ ಹಾಲಿನ ಕ್ಯಾನುಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಮಾತಾಡಿಸಬೇಕು. ಮಾತಾಡಿಸಿದರೆ ಯಾಕೆ ಬಂದೆ ಎನ್ನುತ್ತಾನೆ. ಜೇಬಿನಲ್ಲಿದ್ದುದು ಜೋಳದ ಕಾಳಿನಷ್ಟು ವಸ್ತು. ಅದನ್ನು ಹೇಗೆ ಹೇಳುವುದು? ಕೋದಂಡಪ್ಪ ಕಂಬದ ಮರೆಗೆ ಸರಿದ. ಗಾಡಿ ಹತ್ತಿ ಕೂತು ಹೊರಗೆ ನೋಡಿದಾಗ ಅಣ್ಣ ನೇರವಾಗಿ ಅವನ ಕಿಟಕಿಯತ್ತಲೇ ನೋಡುತ್ತಿದ್ದ. ಕೈ ಎತ್ತಲಿಲ್ಲ. ಬೀಡಿಯನ್ನು ನೆಲಕ್ಕೆ ಉಜ್ಜಿದ.

ಗಾಡಿ ಖಾಲಿಯಿತ್ತು. ಬಿಸಿಲಿಗೆ ಹೊಲಗಳು ನೀರಿನೊಳಗಿನಿಂದ ಕಂಡಂತೆ ತೇಲುತ್ತಿದ್ದವು. ಕಣ್ಣು ಎಳೆಯಿತು. ಸೈನೈಡ್ ದಿಬ್ಬಗಳು ಒಂದೊಂದಾಗಿ ಎದ್ದು ನಿಂತು, ಬೆಳ್ಳಗೆ ಹೊಳೆದು, ಮತ್ತೆ ಮಲಗಿದವು. ಗಾಡಿಯ ಚಕ್ರದ ಸದ್ದು ದೂರ ಹೋಯಿತು. ತಾನು ಯಾವುದೋ ದೊಡ್ಡ ತಟ್ಟೆಯ ಅಂಚಿನಲ್ಲಿ ಕೂತು ಸುತ್ತುತ್ತಿರುವಂತೆ, ಸುತ್ತು ಸುತ್ತಿಗೂ ನಡುವಿನ ಕಡೆಗೆ ಜಾರುತ್ತಿರುವಂತೆ ಅನ್ನಿಸಿತು. ಭಯವಾಗಲಿಲ್ಲ. ಅಲ್ಲಿ ಯಾರೂ ಇರುವುದಿಲ್ಲ ಎಂಬುದೇ ಹಿತವಾಗಿತ್ತು.

ಮನೆಗೆ ಬಂದಾಗ ಮುನಿರತ್ನ ಇರಲಿಲ್ಲ. ಕೈ ತೊಳೆದು, ಒರೆಸಿ, ಮತ್ತೆ ತೊಳೆದ. ಮುಳ್ಳನ್ನು ಕೂಡಿಸಲು ಅರ್ಧ ಗಂಟೆ ಹಿಡಿಯಿತು. ರೆಕಾರ್ಡನ್ನು ಅಂಚು ಹಿಡಿದು ಇಳಿಸಿದ. ತೋಳನ್ನು ಕೆಳಗೆ ಬಿಟ್ಟು ಕುರ್ಚಿಯಲ್ಲಿ ಒರಗಿದ.

ಶ್ರೀನಿವಾಸಪ್ಪ ಸುಳ್ಳು ಹೇಳಿರಲಿಲ್ಲ. ಮೊದಲು ಒಂದು ಕೋಣೆ ಕೇಳಿಸಿತು. ವೀಣೆಗೆ ಮುಂಚೆ, ವೀಣೆ ಇರುವ ಕೋಣೆ. ಯಾರೋ ಕೂತ ಜಾಗದಲ್ಲಿ ಮೈ ಸರಿಮಾಡಿಕೊಂಡರು. ಬೆರಳಿನ ಚರ್ಮ ತಂತಿಯ ಮೇಲೆ ಜಾರುವುದು ಕೇಳಿಸಿತು. ಆಮೇಲೆ ಸ್ವರ. ಅದು ಸ್ಪೀಕರುಗಳಿಂದ ಬರಲಿಲ್ಲ. ಎರಡರ ನಡುವೆ ಗಾಳಿಯಲ್ಲಿ ಕೂತಿತ್ತು. ಅವನ ಕಣ್ಣು ತುಂಬಿತು. ಹೆಸರಿಲ್ಲ, ಆಫೀಸಿಲ್ಲ, ಮೈಯಿಲ್ಲ. ಬರೀ ಕಿವಿ.

ಮನೆ ಎದ್ದು ಕೂತಿತು.

ಕುರ್ಚಿ ಪಕ್ಕಕ್ಕೆ ಸರಿಯಿತು. ಅಡಿಗೆಮನೆಯಲ್ಲಿ ಪಾತ್ರೆಗಳ ಅಡಕಲು ಉರುಳಿತು. ಗೋಡೆಯ ಮೂಲೆಯಲ್ಲಿ ಬಿರುಕೊಂದು ಹಲ್ಲಿಯಂತೆ ಮೇಲಕ್ಕೆ ಓಡಿತು. ಸೂರಿನಿಂದ ಧೂಳು ಸುರಿಯಿತು. ಹೆಂಚುಗಳು ಅಂಗಳದಲ್ಲಿ ಒಡೆದವು. ಹಿಂದೆಯೇ, ಬಹಳ ಕೆಳಗಿನಿಂದ, ದಪ್ಪ ಬಾಗಿಲು ಮುಚ್ಚಿದಂಥ ಸದ್ದು.

ವೀಣೆ ನಿಲ್ಲಲಿಲ್ಲ.

ಕೋದಂಡಪ್ಪ ಚಪ್ಪಡಿಯ ಮುಂದೆ ಮಂಡಿಯೂರಿದ್ದ. ಮುಳ್ಳು ತನ್ನ ಗೀರಿನಲ್ಲಿ ತಾನು ಸಾಗುತ್ತಿತ್ತು. ಒಂದು ಸ್ವರ ತಪ್ಪಲಿಲ್ಲ, ಒಂದು ಸುತ್ತು ಹಾರಲಿಲ್ಲ. ಬಾಗಿಲಲ್ಲಿ ಮುನಿರತ್ನ ಬಂದು ನಿಂತಳು. ಕೈಗೆ, ಸೆರಗಿಗೆಲ್ಲ ಖಾರದ ಪುಡಿ.

"ಅಲುಗ್ಲಿಲ್ಲ ರತ್ನಾ!" ಅವನು ಕೂಗಿದ. ಮುಖದ ತುಂಬ ನಗು. "ಇಷ್ಟು ದೊಡ್ಡ ಬರಸ್ಟಿಗೂ ಅಲುಗ್ಲಿಲ್ಲ ನೋಡು!"

ಅವಳು ನೋಡಿದಳು. ಕಲ್ಲನ್ನಲ್ಲ, ಅವನನ್ನು. ಖಾರಕ್ಕೋ ಏನೋ ಕಣ್ಣು ಕೆಂಪಾಗಿತ್ತು.

"ಕುಪ್ಪಣ್ಣ ಕೆಳಗವ್ರೆ," ಅಂದಳು.

ಆಮೇಲೆ ಸೈರನ್ನು ಶುರುವಾಯಿತು.

ಅವಳು ಓಡಿದಳು. ಅವನು ತೋಳು ಎತ್ತಿ, ಕರೆಂಟು ಆರಿಸಿ, ಗೌಸು ಹೊದಿಸಿ, ಆಮೇಲೆ ಹೊರಟ. ಗೌಸಿನ ಅಂಚನ್ನು ನೇರ ಮಾಡಿದ್ದು ಅರ್ಧ ದಾರಿಯಲ್ಲಿ ನೆನಪಾಯಿತು. ಒಂದು ಕ್ಷಣ ನಿಂತ. ಜನ ಅವನನ್ನು ಹಾದು ಓಡುತ್ತಿದ್ದರು.

ಗಣಿಗೆ ಇಳಿಯುವ ಶಾಫ್ಟಿನ ಗೇಟು ಮುಚ್ಚಿತ್ತು. ಬೇಲಿಯುದ್ದಕ್ಕೂ ಜನ. ತಮಿಳು, ತೆಲುಗು, ಕನ್ನಡ ಒಂದೇ ಅಳುವಾಗಿ ಕಲೆತಿತ್ತು. ಮುನಿರತ್ನ ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮನನ್ನು ತಬ್ಬಿ ಹಿಡಿದಿದ್ದಳು. ಇಬ್ಬರ ಕೈಗೂ ಒಂದೇ ಖಾರ.

"ಎಷ್ಟು ಜನ?" ಕೋದಂಡಪ್ಪ ಯಾರನ್ನೋ ಕೇಳಿದ.

"ಆರಂತಾರೆ. ಒಂಬತ್ತಂತಾರೆ. ಬಾಯಿ ಬಿಡಾಕಿಲ್ಲ ಆಫೀಸಿನೋರು."

ಬಂಡೆ ಸಿಡಿದದ್ದು ಗಣಿಯ ಯಾವ ಮಟ್ಟದಲ್ಲಿ ಎಂದು ಕೇಳಿಸಿಕೊಂಡ. ಆ ಮಟ್ಟದ ನಕ್ಷೆ ಅವನ ಟೇಬಲ್ಲಿನ ಮೇಲೇ ಇತ್ತು. ಕೊನೆಯ ಗೆರೆಗೆ ಶಾಯಿ ಹಾಕಿ ನಾಲ್ಕು ದಿನವಾಗಿತ್ತು.

ಮಾರಿಯಮ್ಮ ಅವನನ್ನು ಕಂಡು ಎದ್ದು ಬಂದಳು. ಸುತ್ತಲಿನವರಿಗೆ ಹೇಳಿದಳು: "ನಮ್ಮ ಸಾರ್. ಇವ್ರೇ ಅರ್ಜಿ ಕೊಟ್ಟಿರೋದು. ಸಾಯೇಬ್ರು ಬಂದ್ರೆ ಆಯ್ತು, ಇನ್ನು ಕೆಳಗಿಳಿಯಂಗಿಲ್ಲ ಅಂದ್ಬುಟ್ರು ನಮ್ಮೋರು ಬೆಳಗ್ಗೆ ಬೀದಿಯಿಂದ್ಲೇ. ನಗ್ತಾ ಹೋದ್ರು."

ಮುನಿರತ್ನ ತಲೆ ಎತ್ತಿದಳು. ಮನೆಯ ಧೂಳು ಹೊಡೆಯುವವಳು ಅವಳು. ರೆಕಾರ್ಡುಗಳ ಕವರು ಒರೆಸುವವಳೂ ಅವಳೇ. ಅರ್ಜಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅವನು ಬಾಯಿ ತೆರೆದ.

"ಬೆಳಿಗ್ಗೆ..." ಅಂದ. ಅವಳು ಕಾದಳು. ಆಮೇಲೆ ಮುಖ ತಿರುಗಿಸಿದಳು.

ನೆರಳು ಉದ್ದವಾಯಿತು. ಶಾಫ್ಟಿನ ಮೇಲಿನ ರಾಟೆಚಕ್ರ ತಿರುಗಿತು, ನಿಂತಿತು. ಒಳಗಿನಿಂದ ಯಾರೂ ಬರಲಿಲ್ಲ. ಬೇಲಿಯ ಈಚೆ, ಇಟ್ಟಿಗೆ ಕಂಬಗಳ ಮೇಲೆ ಒಂದು ದಪ್ಪ ಕಬ್ಬಿಣದ ಪೈಪು ಶಾಫ್ಟಿನ ಕಡೆಗೆ ಹಾದುಹೋಗಿತ್ತು. ಗಣಿಯೊಳಕ್ಕೆ ಗಾಳಿ ಕಳಿಸುವ ಪೈಪು. ಒಬ್ಬ ಮುದುಕಿ ಅದಕ್ಕೆ ಕಿವಿ ಹಚ್ಚಿದಳು. ಸಿಕ್ಕಿಕೊಂಡವರು ಬದುಕಿದ್ದರೆ ಪೈಪು ಬಡಿಯುತ್ತಾರಂತೆ. ಇನ್ನೊಬ್ಬಳು ಹಚ್ಚಿದಳು. ಕೇಳಿಸ್ತು ಅಂದಳು ಒಬ್ಬಳು. ಇಲ್ಲ ಅಂದಳು ಇನ್ನೊಬ್ಬಳು.

ಮಾರಿಯಮ್ಮ ಅವನ ತೋಳು ಹಿಡಿದಳು. "ನೀವು ಕೇಳಿ ಸಾರ್. ನೀವು ಓದಿದೋರು. ನಮಗೆ ಗೊತ್ತಾಗಲ್ಲ."

ಅಷ್ಟು ಆಳದಿಂದ ಏನೂ ಬರುವುದಿಲ್ಲ ಎಂದು ಹೇಳಬೇಕು. ಪೈಪಿನ ನೂರು ಜೋಡಣೆಗಳಲ್ಲಿ ಸದ್ದು ಸತ್ತಿರುತ್ತದೆ ಎಂದು ಹೇಳಬೇಕು. ಅವನು ಬಗ್ಗಿ ಕಿವಿ ಹಚ್ಚಿದ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಕೆನ್ನೆ ಸುಟ್ಟಿತು. ಹಿಂದೆ ಯಾರೋ ಬಿಕ್ಕುತ್ತಿದ್ದರು, ಯಾರೋ ದೇವರನ್ನು ಕೂಗುತ್ತಿದ್ದರು. ಅಷ್ಟು ಗದ್ದಲದಲ್ಲಿ ಏನೂ ಕೇಳುವಂತಿರಲಿಲ್ಲ. ಸುಮ್ಮನಿರಿ ಎಂಬಂತೆ ಅವನು ಒಂದು ಕೈ ಮೇಲೆತ್ತಿದ.

ಗದ್ದಲ ನಿಂತಿತು. ಹತ್ತಿರದವರು ಸುಮ್ಮನಾದರು. ಅವರನ್ನು ನೋಡಿ ಹಿಂದಿನವರು. ಅಳುವ ಕೂಸಿನ ಬಾಯಿಗೆ ತಾಯೊಬ್ಬಳು ಸೆರಗು ತುಂಬಿದಳು. ಬೇಲಿಯುದ್ದಕ್ಕೂ ಮಾತು ಪಿಸುಗುಟ್ಟುತ್ತ ಹೋಯಿತು: ಏನೋ ಕೇಳಿಸ್ತೈತಂತೆ, ಕೇಳಿಸ್ತೈತಂತೆ. ಮುದುಕನೊಬ್ಬ ಟೋಪಿ ತೆಗೆದ. ಗೇಟಿನ ಬಳಿ ಕೆಲವರು ಕೈ ಮುಗಿದು ನೆಲಕ್ಕೆ ಕೂತರು. ಅವರ ಹಿಂದೆ ಇನ್ನೂ ಕೆಲವರು. ಮಾರಿಯಮ್ಮನ ಮುಖ ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ತುಟಿಯಲ್ಲಿ ನಗುವಿನಂಥದೇನೋ ಮೂಡುತ್ತಿತ್ತು.

ಪೈಪಿನೊಳಗೆ ಏನೂ ಇರಲಿಲ್ಲ.

ಬಯಲೆಲ್ಲ ಉಸಿರು ಹಿಡಿದು ಅವನ ಕೈಯನ್ನು ನೋಡುತ್ತಿತ್ತು. ತೋಳು ನೋಯತೊಡಗಿತು. ಅದನ್ನು ಕೆಳಗಿಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.